ಒಂದ ಗಾಲಿ ರಾಡ್ಯಾಗ

ದಾಸಾಳ ಬೇಲಿ ಆಚೆಯಿಂದ ಮಗ್ಗಲಮನಿ ಹುಡುಗ ಕೇಳಿದ: "ಕಾಕಾ, ಕಾರಿಗೆ ಎಲ್‌ಎಸ್‌ಡಿ, ಅಂದ್ರ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಹಾಕಸಬೇಕಂತ ಮಾಡೇನಿ. ಯಾವುದು ಚಲೋ?"

"ಯಾವ ನೆಲದಾಗ ಓಡಸಾಂವ, ಮೊದಲ ಅದನ್ನ ಹೇಳಪಾ."

ಹೋದ ವರ್ಷ ಬೈಲಹೊಂಗಲದ ಎರಿಹೊಲದಾಗ ಕಬ್ಬು ಹೇರಿದ ಟ್ರೇಲರ್ ಎಳಿಯೂವಾಗ ನನ್ನ ಟ್ರ್ಯಾಕ್ಟರ್ ಹೂತಿತ್ತು. ಬಲಗಾಲಿ ರಾಡ್ಯಾಗ ಗರಗರ ತಿರಗತಿತ್ತು. ಎಡಗಾಲಿ ಗಟ್ಟಿ ಬದುವಿನ ಮ್ಯಾಲಿದ್ರೂ ಮಿಸುಕಲಿಲ್ಲ. ಎರಡೂ ಗಾಲಿಗೆ ಜೋರ ಹಂಚೂ ಸಾದಾ ಡಿಫರೆನ್ಷಿಯಲ್ಲಿನ ಸ್ವಭಾವನ ಅದು. ಜಾರೂ ಗಾಲಿ ಎಷ್ಟು ಜೋರ ತಡಕೊಳ್ತೈತೋ, ಇನ್ನೊಂದಕ್ಕೂ ಅಷ್ಟ ಕೊಡತೈತಿ. ಕ್ಲಚ್ ಒತ್ತಿ ಗಾಲಿ ನಿಂದರಿಸಿ, ಹಿಮ್ಮಡಿಲೆ ಡಿಫ್ ಲಾಕ್ ಪೆಡಲ್ ತುಳದೆ. ಖಟ್ ಅಂತು. ಮೆಲ್ಲಕ ಕ್ಲಚ್ ಬಿಟ್ಟೆ, ಎರಡೂ ಗಾಲಿ ಕೂಡೇ ತಿರಗಿ ಮ್ಯಾಲ ಬಂತು. ಆದ್ರ ಲಾಕ್ ಬಿಡದ ಗಾಡಿ ಹೊಳ್ಳಸಬಾರದು, ಗೇರು ಮುರಿತಾವ.

"ಥಾರ್ ಜೀಪಿನ್ಯಾಗೂ ಲಾಕ್ ಇರತೈತೆಲ್ಲ?" ಅಂದ.

"ಕೆಲವು ಮಾಡೆಲ್‌ಗೆ ಹಿಂದಿನ ಅಚ್ಚಿನ್ಯಾಗ ಬರತೈತಿ. ಒಂದ ಗಾಲಿ ಭಾಳ ಜಾರಿದರ ತಾನ ಲಾಕ್ ಆಗತೈತಿ. ಕಿತ್ತೂರ ಕಡೆ ಮಳಿಗಾಲದ ರಾಡಿಗೆ ಅದು ಬೇಕು. ರಾಮದುರ್ಗದ ಒಣ ರಸ್ತೆಗೆ, ನಿನ್ನ ಕಾರಿಗೆ, ಅದು ಬ್ಯಾಡ."

ಜೋರ ಓಡೂ ಗಾಡಿಗೆ ಪೂರ್ತಿ ಲಾಕ್ ಅಲ್ಲ, ಜಾರೂದಕ್ಕ ಲಗಾಮು ಬೇಕು. ಎಲ್‌ಎಸ್‌ಡಿ ಅಂದ್ರ ಅದ. 1930ರ ದಶಕದಾಗ ಜರ್ಮನಿಯ ಆಟೋ ಯೂನಿಯನ್ ರೇಸ್ ಗಾಡಿಗಳು ತಿರುವಿನ್ಯಾಗ ಒಳಗಾಲಿ ಸುಮ್ಮನ ಸುತ್ತಿ ಜೋರೆಲ್ಲಾ ಕಳಕೊಳ್ತಿದ್ದವು. ಝಡ್‌ಎಫ್ ಕಂಪನಿ ಅದಕ್ಕ ಮದ್ದು ಮಾಡಿಕೊಟ್ಟಿತು. ಈಗ ರೇಸಿನವರು ಹೆಚ್ಚಾಗಿ ಕ್ಲಚ್ ಪ್ಲೇಟಿನದು ಹಾಕ್ತಾರ. ಪ್ಲೇಟ್ ಮೊದಲ ಬಿಗಿಯಾಗಿ ಕುಂತಿರತಾವ, ಹಿಂಗಾಗಿ ಒಂದ ಗಾಲಿ ಗಾಳ್ಯಾಗ ಎದ್ದರೂ ಇನ್ನೊಂದಕ್ಕ ಜೋರ ಹೋಗತೈತಿ. ಒನ್-ವೇ ಆಕ್ಸಿಲರೇಟರ್ ಒತ್ತಿದಾಗಷ್ಟ ಹಿಡಿತೈತಿ, ಟೂ-ವೇ ಬಿಟ್ಟಾಗೂ ಹಿಡಿತೈತಿ. ಪ್ಲೇಟ್ ಸವೀತಾವ, ಬ್ಯಾರೆ ಎಣ್ಣಿ ಬೇಕು, ಓಣ್ಯಾಗ ಮೆಲ್ಲಕ ಹೊಳ್ಳೂವಾಗ ಕಟಕಟ ಅಂತಾವ. ದಿನಾ ಓಡಸೂ ಕಾರಿಗೆ ನಾ ಅದನ್ನ ಹೇಳೂದಿಲ್ಲ.

ಇನ್ನೊಂದು ಟಾರ್ಸೆನ್ ಜಾತಿದು. ಬರೇ ಗೇರು, ಪ್ಲೇಟ್ ಇಲ್ಲ. ಗಾಲಿ ಜಾರೂಕಿಂತ ಮೊದಲ ಹಿಡಿತದ ಫರಕು ತಿಳದು, ಗಟ್ಟಿ ಕಡೆ ಹೆಚ್ಚು ಜೋರ ಕಳಸತೈತಿ. ಆದ್ರ ಒಂದ ಗಾಲಿ ಪೂರಾ ಎದ್ದರ ಸೋಲತೈತಿ. ಸೊನ್ನಿಯನ್ನ ಎಷ್ಟರಿಂದ ಗುಣಿಸಿದರೂ ಸೊನ್ನಿನ. ಸಿಲಿಕಾನ್ ಎಣ್ಣಿ ತುಂಬಿದ ವಿಸ್ಕಸ್ ಅಂತೂ ಗಾಲಿ ಜಾರಿದ ಮ್ಯಾಲ ಹಿಡಿಯೂದು. ತಡ ಆತು.

"ನಿನ್ನದು ಮುಂದಿನ ಗಾಲಿ ಎಳಿಯೂ ಕಾರು. ಗೇರಿನದ ಹಾಕಸು, ಸ್ಟೇರಿಂಗ್ ಜಗ್ಗೂದು ಕಡಿಮಿ. ಆದ್ರ ಯಲ್ಲಮ್ಮನ ಗುಡ್ಡದ ದಾರ್ಯಾಗ ಆಟ ಹೂಡಬ್ಯಾಡ, ಜೋಗಮ್ಮರು ನಡಕೋತ ಬರತಿರತಾರ. ಆಟಾ ಬೇಕಂದ್ರ ಕೊಯಮತ್ತೂರಿನ ಟ್ರ್ಯಾಕ್ ಐತಿ."

ಬೇಲಿ ಸಂದಿಯಿಂದ ಆಚೆ ಹೋಗಿ ಅವನ ಕಾರಿನ ಮುಂದಿನ ಟೈರಿನ ಗೀರಿನೊಳಗ ಉಗುರು ಇಟ್ಟೆ. ಉಗುರು ಒಳಗ ಇಳಿಲಿಲ್ಲ.

"ಮೊದಲ ಇವನ್ನ ಬದಲಾಸು. ಆಮ್ಯಾಲ ಇಬ್ಬರೂ ಕೂಡಿ ಎಲ್‌ಎಸ್‌ಡಿ ಹಾಕಸಾಕ ಹುಬ್ಬಳ್ಳಿಗೆ ಹೋಗೂಣು."