ಹೊಂಗೆಗೊಂದು ದೇವರು ಬೇಕಾಗಿದೆ

ಬೆಂಗಳೂರಿನಲ್ಲಿ ಮರವಾಗಿ ಬಾಳಬೇಕೆಂದರೆ ಬುಡದಲ್ಲಿ ನಾಗರಕಲ್ಲಿರಬೇಕು, ಇಲ್ಲವೇ ತಲೆ ತುಂಬ ಗುಲಾಬಿ ಬಣ್ಣದ ಹೂವಿರಬೇಕು.

ಅರಳಿಮರವನ್ನೇ ನೋಡಿ. ಅಗಲವಾಗುತ್ತ ಬಂದ ರಸ್ತೆ ಅದರ ಕಟ್ಟೆಯವರೆಗೆ ಬಂದು, ಕೈಮುಗಿದು, ಪಕ್ಕಕ್ಕೆ ಸರಿದು ಹೋಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಎದುರಾದರೆ ಕಂಟ್ರಾಕ್ಟರಿಗೆ ಆಕಳಿಕೆ. ಅರಿಶಿನ-ಕುಂಕುಮ ಎದುರಾದರೆ ನಡುಕ. ವೃಕ್ಷಾಧಿಕಾರಿಯ ಆದೇಶಕ್ಕೆ ಮೇಲ್ಮನವಿ ಉಂಟು, ನಾಗದೋಷಕ್ಕೆಲ್ಲಿದೆ?

ಇನ್ನು ಗುಲಾಬಿ ಹೂವಿನ ಟಬೂಬಿಯಾ. ತವರು ಮಧ್ಯ ಅಮೆರಿಕ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಊರಿನ ಬೀದಿಗಳಿಗೆ ಮರ ಹೊಂದಿಸಿದರು. ಅವರ ವರ್ಷಕ್ಕೆ ಹನ್ನೆರಡು ತಿಂಗಳಿತ್ತು. ನಮ್ಮ ಫೋನಿನ ವರ್ಷಕ್ಕೆ ಟಬೂಬಿಯಾ ಅರಳುವ ಹದಿನೈದೇ ದಿನ. ಆ ಹದಿನೈದು ದಿನ ನಾವೆಲ್ಲ ಕಟ್ಟಾ ಪರಿಸರವಾದಿಗಳು.

ಶಿಫಾರಸಿಲ್ಲದವುಗಳ ಪಾಡು ಬೇರೆ. ಅತ್ತಿಗೇನೋ ದತ್ತಾತ್ರೇಯನ ಕೃಪೆಯಿದೆ, ಆದರೆ ಹಣ್ಣು ಕಾರಿನ ಮೇಲೆ ಬೀಳುತ್ತದೆ. ಕಾರಿನ ಮುಂದೆ ದತ್ತನೂ ಚಿಕ್ಕವನೇ. ಅತ್ತಿಕಾಯಿಯೊಳಗೆ ಕಣಜದ ಸಂಸಾರ, ಕೊಂಬೆಯಲ್ಲಿ ಕುಟ್ರಹಕ್ಕಿ, ರಾತ್ರಿಗೆ ಬಾವಲಿ. ಸೆಮಿನಾರಿನಲ್ಲಿ ಜೀವವೈವಿಧ್ಯವೆಂದು ತೋರಿಸುವ ಸ್ಲೈಡು ಇದೇ. ಚಪ್ಪಾಳೆ ತಟ್ಟಿ ಹೊರಬಂದಾಗ ಅದೇ ವೈವಿಧ್ಯ ಗಾಜಿನ ಮೇಲೆ ಬಿದ್ದಿದ್ದರೆ ಮಾರನೆಯ ದಿನವೇ ಅರ್ಜಿ: ‘ಅಪಾಯಕಾರಿ ಮರ, ತೆರವುಗೊಳಿಸಿ.’

50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆನ್ನುತ್ತದೆ ಕಾಯ್ದೆ. ಐವತ್ತರೊಳಗಿನವು ಸದ್ದಿಲ್ಲದೆ ಮಲಗಬಹುದು. ಬದಲಿಗೆ ಒಂದಕ್ಕೆ ಹತ್ತು ಸಸಿಯ ಭರವಸೆ, ಅದೂ ಊರಾಚೆ. ಬಸ್‌ಸ್ಟಾಪಿನಲ್ಲಿ ನೆರಳು ಬೇಕಾದವರು ಅಲ್ಲೇ ಹೋಗಿ ನಿಂತಿರಲಿ. ಬಸ್ಸು ಬಂದಾಗ ಹೇಳಿ ಕಳಿಸೋಣ.

ದೇವರು ಒಲಿಯದಿದ್ದರೆ ದೆವ್ವವಾದರೂ ಆದೀತು. ಹುಣಸೆಗೆ ಆ ಆಸರೆಯಿದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅದಕ್ಕೂ ಮುಂಚಿನ ಶತಮಾನಗಳಲ್ಲಿ ಅದನ್ನು ಕಾದದ್ದು ಯಾವ ಇಲಾಖೆಯೋ, ನಾನಂತೂ ರಾತ್ರಿ ಹೊತ್ತು ವಿಚಾರಿಸಲು ಹೋಗುವವನಲ್ಲ.

ಉಳಿದದ್ದು ಬಡಪಾಯಿ ಹೊಂಗೆ. ನೆರಳು ತಾಯಿಯ ಮಡಿಲಂತೆ, ಹೂವಿಗೆ ಜೇನು ಮುತ್ತುತ್ತದೆ, ಎಲೆಯ ಮೇಲೆಲ್ಲ ಹುಳದ ಗಂಟು. ಫೋಟೋಕ್ಕೆ ಲಾಯಕ್ಕಿಲ್ಲ, ದೇವರೂ ಇಲ್ಲ, ದೆವ್ವವೂ ಇಲ್ಲ. ಪುರಾಣ ತಿಳಿದವರು ಬೇಗ ಒಬ್ಬ ದೇವರನ್ನು ಹುಡುಕಿಕೊಡಿ. ಅಲ್ಲಿಯವರೆಗೆ ನಿಮ್ಮ ಬೀದಿಯ ಹೊಂಗೆಗೆ ಒಂದು ದಾರ ಸುತ್ತಿ, ಎರಡು ನಿಂಬೆಹಣ್ಣು ಕಟ್ಟಿಬಿಡಿ. ಗರಗಸದವನು ಬರುತ್ತಾನೆ, ನೋಡುತ್ತಾನೆ, ‘ಸಾರ್, ಇವತ್ತು ಅಮಾವಾಸ್ಯೆ ಅಲ್ವಾ?’ ಅನ್ನುತ್ತಾನೆ. ಹೌದೆನ್ನಿ. ಯಾವ ದಿನ ಕೇಳಿದರೂ ಹೌದೆನ್ನಿ.