ಗೋಡೆಗೆ ಬೋರ್ಡು, ಬಾಣಲೆಗೆ ಎಣ್ಣೆ

ಸಮೋಸ, ಜಿಲೇಬಿಯಂಥ ತಿಂಡಿಗಳಲ್ಲಿ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಇದೆ ಎಂದು ತಿಳಿಸುವ ಬೋರ್ಡು ಹಾಕಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2025ರ ಜೂನ್‌ನಲ್ಲಿ ಸರ್ಕಾರಿ ಕಚೇರಿಗಳಿಗೆ ಪತ್ರ ಕಳಿಸಿತು. ಸುದ್ದಿ ಮಾಧ್ಯಮಗಳು ಅದನ್ನು ಸಮೋಸಕ್ಕೂ ಸಿಗರೇಟಿನಂಥ ಎಚ್ಚರಿಕೆ ಎಂದು ಉಬ್ಬಿಸಿದವು. ತಳ್ಳುಗಾಡಿಯವರ ತಿಂಡಿಗೆ ಎಚ್ಚರಿಕೆ ಅಂಟಿಸಲು ನಾವು ಹೇಳಿಯೇ ಇಲ್ಲ ಎಂದು ಜುಲೈನಲ್ಲಿ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು. ಅಂಥದೊಂದು ಬೋರ್ಡು ಕೇಂದ್ರ ಸರ್ಕಾರದ ಯಾವುದೋ ಕಚೇರಿಯ ಕ್ಯಾಂಟೀನಿಗೂ ಬಂತು ಅಂದುಕೊಳ್ಳಿ. ಗಲ್ಲಾಪೆಟ್ಟಿಗೆಯ ಹತ್ತಿರ ಕ್ಯಾಂಟೀನ್ ಭಟ್ಟರು, ಬೋರ್ಡಿನ ಕೆಳಗೆ ಹೆಡ್ ಕ್ಲರ್ಕ್ ರಾಯರು.

ರಾಯರು: ನೋಡಿದಿರಾ ಭಟ್ರೇ, ದೇಶ ಹ್ಯಾಗೆ ಸುಧಾರಿಸ್ತಿದೆ! ಸಮೋಸದ ಹೊಟ್ಟೆಯೊಳಗಿನ ಎಣ್ಣೆಯ ಲೆಕ್ಕ ಗೋಡೆ ಮೇಲಿದೆ. ಇನ್ನು ಜನಕ್ಕೆ ಬುದ್ಧಿ ಬಂದೇ ಬರುತ್ತೆ. ಅಂದಹಾಗೆ ಎರಡು ಸಮೋಸ ಕೊಡಿ, ಚಟ್ನಿ ಸ್ವಲ್ಪ ಜಾಸ್ತಿ ಇರಲಿ.

ಭಟ್ಟರು: ತಗೊಳ್ಳಿ. ಬೋರ್ಡು ಬಂದ ಮೇಲೆ ನನ್ನ ವ್ಯಾಪಾರ ಕುದುರಿದೆ ರಾಯರೇ. ಮೊದಲೆಲ್ಲ ಹಾಗೇ ದಾಟಿ ಹೋಗ್ತಿದ್ದೋರು ಈಗ ನಿಂತು ಓದ್ತಾರೆ. ಓದಿ ಮುಗಿಸೋ ಹೊತ್ತಿಗೆ ಬಾಣಲೆಯಿಂದ ಇನ್ನೊಂದು ಒಬ್ಬೆ ಇಳಿಯುತ್ತೆ, ಘಮ ಮೂಗಿಗೆ ಹೊಡೆಯುತ್ತೆ. ಬೋರ್ಡು ತಪ್ಪು ಅಂತಲ್ಲ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ. ಅಷ್ಟೂ ಜನ ಸಕ್ಕರೆ ಒಳ್ಳೇದಲ್ಲ ಅನ್ನೋದು ಗೊತ್ತಿಲ್ಲದೆ ಕೆಟ್ಟರಾ? ತಿನ್ನೋನಿಗೆ ಉಪದೇಶ ಮಾಡೋದಕ್ಕಿಂತ ತಿನ್ನೋ ಪದಾರ್ಥವನ್ನೇ ರಿಪೇರಿ ಮಾಡೋದು ಲೇಸು, ಇದು ನನ್ನ ವಾದ. ವನಸ್ಪತಿಯ ಟ್ರಾನ್ಸ್ ಫ್ಯಾಟ್ ತಗೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅದರ ಮಿತಿಯನ್ನ 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು. ಭಾಷಣ ಇಲ್ಲ, ಜಾಥಾ ಇಲ್ಲ. ತಿಂಡಿ ರುಚಿ ಕೆಟ್ಟಿತು ಅಂತ ನೀವು ಯಾವತ್ತಾದ್ರೂ ದೂರಿದ್ದುಂಟಾ?

ರಾಯರು: ಇಲ್ಲ, ಇವತ್ತು ಉಪ್ಪು ಮಾತ್ರ ಒಂದು ಚಿಟಿಕೆ ಕಡಿಮೆ. ಕಾರ್ಖಾನೆ ಮಾಲಿಗೆ ಕಾನೂನು ಸರಿ ಭಟ್ರೇ. ಆದರೆ ನನ್ನ ಬಿಪಿ ಏರಿಸಿದ್ದು ಕಾರ್ಖಾನೆ ಅಲ್ಲ; ಮನೆಯ ಸಾರು, ಮಿಡಿ ಉಪ್ಪಿನಕಾಯಿ, ಹಪ್ಪಳ. ಅಲ್ಲಿಗೆ ಇನ್‌ಸ್ಪೆಕ್ಟರ್ ಕಳಿಸ್ತೀರಾ? ನಮ್ಮನೆಯವಳು ಅವನಿಗೂ ಎಲೆ ಹಾಕಿ ಬಡಿಸಿ, ಅವನ ಬಿಪಿನೂ ಏರಿಸಿ ಕಳಿಸ್ತಾಳೆ.

ಭಟ್ಟರು: ಇನ್‌ಸ್ಪೆಕ್ಟರ್ ಯಾಕೆ, ಉಪ್ಪಿನ ಪ್ಯಾಕೆಟ್ಟು ಹೇಗೂ ಅಡುಗೆಮನೆಗೆ ಹೋಗುತ್ತಲ್ಲ! ಗಳಗಂಡವನ್ನ ಹಿಮ್ಮೆಟ್ಟಿಸಿದ್ದು ಹಾಗೇ. ಅಯೋಡಿನ್ ತಿನ್ನಿ ಅಂತ ಮನೆಮನೆಗೆ ಹೇಳ್ತಾ ಕೂರದೆ ಉಪ್ಪಿಗೇ ಬೆರೆಸಿದರು. ಅಯೋಡಿನ್ ಇಲ್ಲದ ಉಪ್ಪನ್ನ ಊಟಕ್ಕೆ ಮಾರಕೂಡದು ಅಂತ 2006ರಲ್ಲಿ ಆದೇಶ ಆಯ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ ನೂರಕ್ಕೆ 94 ಮನೆಗಳಲ್ಲಿ ಅದೇ ಉಪ್ಪು. ಬಿಪಿಗೂ ಇಂಥ ದಾರಿ ಇದೆ. ಸೋಡಿಯಂ ಒಂದಿಷ್ಟು ತೆಗೆದು ಪೊಟ್ಯಾಸಿಯಂ ಬೆರೆಸಿದ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಪ್ರಯೋಗ ಮಾಡಿದರು. ಲಕ್ವ ಹೊಡೆದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು. ಫಲಿತಾಂಶ 2021ರಲ್ಲಿ ಬಂತು: ಈ ಉಪ್ಪು ಬಳಸಿದ ಕಡೆ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆ. ಯಾರೂ ಉಪ್ಪಿನ ಡಬ್ಬಿ ಬಿಸಾಡಲಿಲ್ಲ, ಡಬ್ಬಿಯೊಳಗಿನ ಉಪ್ಪು ಬದಲಾಯ್ತು, ಅಷ್ಟೆ. ಮೂತ್ರಪಿಂಡದ ತೊಂದರೆ ಇದ್ದೋರಿಗೆ ಪೊಟ್ಯಾಸಿಯಂ ಅಪಾಯ, ಅವರು ಡಾಕ್ಟರನ್ನ ಕೇಳದೆ ಮುಟ್ಟಬಾರದು. ನಮ್ಮ ಅಂಗಡಿಗಳಲ್ಲಿ ಅದು ದುಬಾರಿ ಅನ್ನೋದೂ ನಿಜ. ಸರ್ಕಾರ ಕೈಹಾಕಬೇಕಾದ್ದು ಆ ಬೆಲೆಗೆ.

ರಾಯರು: ಸರ್ಕಾರ ಉಪ್ಪಿನ ಡಬ್ಬಿಗೂ ಕೈಹಾಕಿದರೆ ಸ್ವಾತಂತ್ರ್ಯ ಎಲ್ಲಿ ಉಳೀತು? ಏನು ತಿನ್ನಬೇಕು ಅನ್ನೋದು ನಮ್ಮಿಷ್ಟ. ಕಾಯಿಲೆ ಬಿದ್ದರೆ ಬಡವರಿಗೆ ಆಯುಷ್ಮಾನ್ ಕಾರ್ಡಿದೆ, ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ!

ಭಟ್ಟರು: ಆ ಕಾರ್ಡು ಬೇಕೇ ಬೇಕು. ಆದರೆ ಅದು ಕೆಲಸಕ್ಕೆ ಬರೋದು ಆಸ್ಪತ್ರೆಗೆ ದಾಖಲಾದ ಮೇಲೆ. ಮಲಗಿದರೆ 5 ಲಕ್ಷ, ಮಲಗದ ಹಾಗೆ ನೋಡಿಕೊಳ್ಳೋಕೆ ಒಂದು ಬೋರ್ಡು. ಇನ್ನು ನಮ್ಮಿಷ್ಟ ಅಂದಿರಿ. ಅಂಗಡೀಲಿ ಬೆಲೆ ಕಟ್ಟಿದವರ ಇಷ್ಟ ಅದರೊಳಗೆ ಸೇರಿಲ್ಲವಾ? 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ನೋಡಿ. ಕೋಲಾದಂಥ ಸಿಹಿ ಸೋಡಾಗಳಿಗೆ ಶೇ. 40, ನ್ಯಾಯವೇ. ಅದೇ ದಿನ ಬಿಸ್ಕತ್ತು, ಚಾಕೊಲೇಟಿನ ತೆರಿಗೆ 18ರಿಂದ 5ಕ್ಕಿಳೀತು, ಪ್ಯಾಕೆಟ್ ಮಿಕ್ಸ್ಚರಿಂದು 12ರಿಂದ 5ಕ್ಕೆ. ಜಿಮ್ಮಿನದ್ದೂ 18ರಿಂದ 5ಕ್ಕೆ.

ರಾಯರು: ಅಂದರೆ ಚಾಕೊಲೇಟು ತಿಂದು ಸೀದಾ ಜಿಮ್ಮಿಗೆ ಹೋಗಿ ಅಂತ. ಎರಡೂ ಅಗ್ಗ! ಇರಲಿ, ಪ್ಯಾಕೆಟ್ಟಿನ ಮುಂಭಾಗದಲ್ಲೇ ಉಪ್ಪು, ಸಕ್ಕರೆಯ ಎಚ್ಚರಿಕೆ ಹಾಕ್ತಾರಂತಲ್ಲ?

ಭಟ್ಟರು: ನನ್ನ ಗೋಡೆಗೆ ಒಂದು ಪತ್ರ ಸಾಕಾಯ್ತು ರಾಯರೇ. ಕಂಪನಿ ಪ್ಯಾಕೆಟ್ಟಿಗೆ 2022ರಲ್ಲೇ ಕರಡು ನಿಯಮ ಬಂತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ಶಿಫಾರಸು ಮುಗಿಸಿ ಅಂತು. ಜುಲೈನಲ್ಲಿ ಸರ್ಕಾರದವರು ಇನ್ನೂ ಮೂರು ತಿಂಗಳು ಕೇಳಿ ಪಡೆದರು.