ಸ್ವಲ್ಪ ನಗ್ರಿ, ಮಾಮಾ

ಕಂಪ್ಲಿಯ ಬಿಗಿಯಪ್ಪನವರನ್ನು ನೀವು ನೋಡಿರದಿದ್ದರೂ ಅವರ ಫೋಟೋವನ್ನು ಖಂಡಿತ ನೋಡಿರುತ್ತೀರಿ. ನಿಮ್ಮ ಮನೆಯ ಮದುವೆ ಆಲ್ಬಮ್ಮಿನಲ್ಲೇ ಇರುತ್ತದೆ: ಸಾಲಿನ ಕೊನೆಯಲ್ಲಿ, ಎರಡೂ ಕೈ ನೇರ ಇಳಿಬಿಟ್ಟು, ಉಸಿರು ಹಿಡಿದು, ಎದುರು ಗೋಡೆಯಲ್ಲಿ ಹೊಸ ಬಿರುಕು ಕಂಡವರಂತೆ ನಿಂತವರೇ ಅವರು. ನಿಮ್ಮ ಮನೆಯಲ್ಲಿ ಅವರ ಹೆಸರು ಬೇರೆ ಇರಬಹುದು, ಊರು ಗಂಗಾವತಿಯೋ ಕೂಡ್ಲಿಗಿಯೋ ಆಗಿರಬಹುದು. ಮುಖ ಮಾತ್ರ ಅದೇ.

ಹಾಗಂತ ಅವರನ್ನು ಸಿಡುಕರು ಎಂದುಕೊಂಡೀರಿ! ಹೊಸಪೇಟೆಯ ಹೋಟೆಲಿನಲ್ಲಿ ಒಗ್ಗಾಣಿ-ಮಿರ್ಚಿಯ ಮುಂದೆ ಕೂತು ಅವರು ನಕ್ಕರೆ ಒಳಗಿನ ಅಡುಗೆಯವನು ಹೊರಗೆ ಬಂದು ನೋಡುತ್ತಾನೆ. ಭತ್ತದ ರೇಟು ಬಿದ್ದರೂ ನಗುತ್ತಾರೆ, ಕಾಲುವೆಗೆ ನೀರು ಬರುವುದು ತಡವಾದರೂ ಇಲಾಖೆಯವರನ್ನು ಬೈದು ಕೊನೆಗೆ ನಗುತ್ತಾರೆ. ಆದರೆ ಯಾರಾದರೂ ಮೊಬೈಲು ಮೇಲೆತ್ತಿದರೋ, ಮುಗಿಯಿತು. ಕೊರಳ ಗುಂಡಿ ಹಾಕಿಕೊಳ್ಳುತ್ತಾರೆ. ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕದವನ ಕೈಗೆ ಕೊಡುತ್ತಾರೆ. ನಗು ಟವೆಲ್ಲಿನ ಜೊತೆಗೇ ಹೋಗಿಬಿಡುತ್ತದೆ.

ಇದರಲ್ಲಿ ಅವರ ತಪ್ಪಿಲ್ಲ; ಅವರು ಕಲಿತ ಶಾಲೆ ಅಂಥದ್ದು. ಬಣ್ಣದ ಪರದೆ, ಎರಡು ಕೊಡೆ ದೀಪ, ಕನ್ನಡಿ, ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ ಇದ್ದ ಸ್ಟುಡಿಯೋದ ಸ್ಟೂಲಿನ ಮೇಲೆ ಅವರ ವಿದ್ಯಾಭ್ಯಾಸ ನಡೆಯಿತು. ಅಲ್ಲಿನ ಪಾಠವೋ, "ಗದ್ದ ಇಳಸ್ರಿ, ಅಲ್ಲಾಡಬ್ಯಾಡ್ರಿ, ಕಣ್ಣು ಮುಚ್ಚಬ್ಯಾಡ್ರಿ" ಇಷ್ಟೇ. ನಗಿರಿ ಎಂದು ಯಾರೂ ಹೇಳಿರಲಿಲ್ಲ. ಆ ಫೋಟೋ ಹೋಗುತ್ತಿದ್ದದ್ದು ರೇಷನ್ ಕಾರ್ಡಿಗೆ, ಪಾಸ್‌ಬುಕ್ಕಿಗೆ, ಬೆಳೆಸಾಲದ ಅರ್ಜಿಗೆ. ಸಾಲದ ಅರ್ಜಿಯ ಮೇಲೆ ಹಲ್ಲು ಕಿರಿಯುವ ಮುಖ ಅಂಟಿಸಿದರೆ, ಇಷ್ಟು ಸುಖವಾಗಿರುವ ಮನುಷ್ಯನಿಗೆ ಸಾಲ ಯಾಕೆ ಎಂದು ಮ್ಯಾನೇಜರು ಕೇಳುವುದಿಲ್ಲವೇ? ಬಿಗಿಯಪ್ಪನವರ ಈ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸಂಡೂರಿನಲ್ಲಿ ಮಗಳ ಮದುವೆಯಾದಾಗ ಫೋಟೋಗ್ರಾಫರು "ಮಾವಾರ, ಹಲ್ಲು ಕಾಣ್ಲಿ" ಎಂದು ಎಷ್ಟು ಕೂಗಿದರೂ ಅವರು ಜಗ್ಗಲಿಲ್ಲ. "ಮಗಳನ್ನ ಕೊಡೋ ಹೊತ್ನಾಗ ಹಲ್ಲು ಬಿಟ್ಟು ನಿಂತ್ರ ಮಂದಿ ಏನಂತಾರ?" ಎಂದರು. ಇದಕ್ಕೂ ನನ್ನಲ್ಲಿ ಉತ್ತರವಿಲ್ಲ.

ತೊಂದರೆಯಾದದ್ದು ಅವರು ಸೊಸೈಟಿಗೆ ಡೈರೆಕ್ಟರಾದ ಮೇಲೆ. ಯುಗಾದಿಗೆ ಹುಡುಗರು ಸೇರಿ ಬಸ್‌ ಸ್ಟ್ಯಾಂಡಿನ ಹತ್ತಿರ ಶುಭಾಶಯದ ಫ್ಲೆಕ್ಸ್ ಹಾಕಿಸಿದರು. ಫೋಟೋ ಬೇಕಲ್ಲ, ಪಾಸ್‌ಬುಕ್ಕಿನದನ್ನೇ ಆಳೆತ್ತರಕ್ಕೆ ಹಿಗ್ಗಿಸಿ, ಸುತ್ತ ಹೂವಿನ ಚಿತ್ತಾರ ಬಿಡಿಸಿ ನಿಲ್ಲಿಸಿದರು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡ ಯಾರೋ ಸಂಡೂರಿಗೆ ಸುದ್ದಿ ಮುಟ್ಟಿಸಿದರು. ಬೀಗರು ಗಾಬರಿಯಾಗಿ ಫೋನ್ ಮಾಡಿ, "ಬೀಗರು ಯಾವಾಗ ಹೋದ್ರು? ನಮಗ ಒಂದು ಮಾತು ತಿಳಿಸಬಾರ್ದಾ?" ಎಂದು ಅತ್ತೇಬಿಟ್ಟರು. ಫೋನ್ ಎತ್ತಿದ್ದು ಬಿಗಿಯಪ್ಪನವರೇ. "ಇನ್ನೂ ಹೋಗಿಲ್ರೀ, ಊಟಕ್ಕ ಕುಂತೀನಿ" ಎಂದರು.

ಇಂಥವರನ್ನು ಬೆಂಗಳೂರಿನ ಅಳಿಯ ಹಂಪಿಗೆ ಕರೆದುಕೊಂಡು ಬಂದ. ಅಕ್ಕನ ಮಗ, ಕೈಯಲ್ಲಿ ಹೊಸ ಫೋನು. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಮಾಮನನ್ನು ನಿಲ್ಲಿಸಿ, "ಮಾಮಾ, ಸ್ಮೈಲ್! ಸ್ವಲ್ಪ ನ್ಯಾಚುರಲ್ ಆಗಿ!" ಎಂದು ಗದರಿದ. ನ್ಯಾಚುರಲ್ ಆಗಿರು ಎಂದು ಗದರುವುದು ಈ ಕಾಲದ ವಿಚಿತ್ರಗಳಲ್ಲೊಂದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇದೇ ರಥದ ಫೋಟೋ ತೆಗೆದಿದ್ದ. ಆಗ ಕಾಗದದ ನೆಗೆಟಿವ್. ಚಿತ್ರ ಮೂಡುವವರೆಗೆ ಎದುರಿನ ವಸ್ತು ಮಿಸುಕುವಂತಿಲ್ಲ. ಬಿಗಿಯಪ್ಪನವರು ಆ ಕಾಲದಲ್ಲಿ ಹುಟ್ಟಿದ್ದರೆ ಗ್ರೀನ್‌ಲಾ ಸಂಬಳ ಕೊಟ್ಟು ಅವರನ್ನು ಜೊತೆಗಿಟ್ಟುಕೊಳ್ಳುತ್ತಿದ್ದ. ಆ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಅದಿಲ್ಲ. ರಥವೂ ಬದಲಾಯಿತು, ಮಾಮನ ಮುಖ ಬದಲಾಗಲಿಲ್ಲ.

"ಚೀಸ್ ಅನ್ನಿ" ಎಂದ ಅಳಿಯ. ಮಾಮ ವಿಧೇಯರಾಗಿ "ಚೀಸ್" ಎಂದರು. ತುಟಿ ಅಗಲವಾಯಿತು, ಕಣ್ಣು ಸೊಸೈಟಿಯ ಲೆಕ್ಕಪತ್ರ ನೋಡುತ್ತಲೇ ಇತ್ತು. ಇದಕ್ಕೊಂದು ಶಾಸ್ತ್ರವೂ ಇದೆ. ಡುಶೆನ್ ಎಂಬ ಫ್ರೆಂಚ್ ವೈದ್ಯ ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸಿ, ಫೋಟೋ ತೆಗೆದು, 1862ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ತುಟಿಯಂಚನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನದು ಒಳಗೆ ಸಂತೋಷವಿದ್ದರೆ ಮಾತ್ರ ಅಲುಗುತ್ತದೆ ಎಂದು ಬರೆದ. ಅವನು ಕರೆಂಟು ಕೊಟ್ಟು ಮಾಡಿದ್ದನ್ನು ನಮ್ಮ ಅಳಿಯ ಬಾಯಿಂದಲೇ ಮಾಡುತ್ತಿದ್ದ.

ಕೊನೆಗೆ, ಜೊತೆಗೆ ಬಂದಿದ್ದ ಅತ್ತೆ ಬೇಸತ್ತು, "ಚೀಸ್ ಗೀಸ್ ಬ್ಯಾಡಪ್ಪ, ಮಿರ್ಚಿ ಅನ್ನಾಕ ಹೇಳು" ಎಂದರು. "ಮಿರ್ಚಿ ಅನ್ನಿ ಮಾಮಾ!" ಮಾಮನ ಮುಖ ಅರಳಿತು. "ಎಲ್ಲೈತಿ? ಬಿಸಿ ಐತೇನು?" ಎನ್ನುತ್ತ ಅಂಗಡಿ ಹುಡುಕಲು ತಿರುಗಿದರು. ಫೋಟೋದಲ್ಲಿ ಬೆನ್ನು ಬಂತು.

ವಿರೂಪಾಕ್ಷನ ಗುಡಿಯಲ್ಲಿ ಇನ್ನೊಂದು ತಮಾಷೆ. ಅಲ್ಲಿ ಹಿಂದುಗಡೆಯ ಕತ್ತಲೆ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ, ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಪೆಟ್ಟಿಗೆ ಕ್ಯಾಮೆರಾ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. ಅಂದರೆ ಬಿಗಿಯಪ್ಪನವರು ನಿಂತಿದ್ದದ್ದು ಕ್ಯಾಮೆರಾದ ಮುಂದೆ ಅಲ್ಲ, ಕ್ಯಾಮೆರಾದ ಹೊಟ್ಟೆಯೊಳಗೆ. ತಲೆಕೆಳಗಾದ ಗೋಪುರ ನೋಡಿ "ಅಬಬಬಾ!" ಎಂದು ಕಣ್ಣಿನಲ್ಲಿ ನೀರು ಬರುವಂತೆ ನಕ್ಕರು. ಅಳಿಯನ ಫೋನಿನಲ್ಲಿ ಬರೀ ಕತ್ತಲೆ ಬಂತು.

ಹೊರಗೆ ಎಳನೀರಿನವನಿಗೆ ಕೊಡಲು ಅವರು ಐವತ್ತರ ನೋಟು ತೆಗೆದರು. 2017ರಲ್ಲಿ ಬಂದ ನೀಲಿ ನೋಟು. ಒಂದು ಕಡೆ ಅದೇ ಕಲ್ಲಿನ ರಥ, ಇನ್ನೊಂದು ಕಡೆ ನಗುವ ಗಾಂಧೀಜಿ. ಆ ನಗು ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. 1946ರಲ್ಲಿ ಬ್ರಿಟಿಷ್ ಮಂತ್ರಿ ಪೆಥಿಕ್ ಲಾರೆನ್ಸ್ ಪಕ್ಕದಲ್ಲಿದ್ದಾಗ ತೆಗೆದ ಫೋಟೋದಿಂದ ಕತ್ತರಿಸಿಕೊಂಡದ್ದು. ಪಕ್ಕದಲ್ಲೊಬ್ಬ ಮನುಷ್ಯನಿದ್ದ, ಮುಖದಲ್ಲಿ ನಗು ಬಂತು. ಆಮೇಲೆ ಮನುಷ್ಯನನ್ನು ಕತ್ತರಿಸಿ ನಗುವನ್ನಷ್ಟೇ ಇಟ್ಟುಕೊಂಡರು. ಬಿಗಿಯಪ್ಪನವರೂ ನಗುವುದು ಮನುಷ್ಯರ ಮುಂದೆ. ಮೂರು ಕಣ್ಣಿನ ಫೋನಿಗೆ ಅವರ ಪರಿಚಯವಿಲ್ಲ, ಅವರಿಗೂ ಅದರ ಪರಿಚಯವಿಲ್ಲ.

ಆದ್ದರಿಂದ ಓದುಗರೇ, ನಿಮ್ಮ ಮನೆಯ ಬಿಗಿಯಪ್ಪನವರಿಗೆ ದಯವಿಟ್ಟು ನಗಿರಿ ಎನ್ನಬೇಡಿ. ಒಬ್ಬರು ಎದುರು ಕೂತು ಕಾಲುವೆಗೆ ನೀರು ಯಾವಾಗ ಬಿಟ್ಟರು ಎಂದು ಕೇಳಿ. ಇನ್ನೊಬ್ಬರು ಓರೆಯಲ್ಲಿ ನಿಂತು, ಸದ್ದಿಲ್ಲದೆ ಫೋಟೋ ಹೊಡೆಯಿರಿ. ಚೆನ್ನಾಗಿ ಬಂದರೆ ನಮಗೂ ತಿಳಿಸಿ. ಮುಂದಿನ ಯುಗಾದಿಯೊಳಗೆ ಕಂಪ್ಲಿಯ ಫ್ಲೆಕ್ಸ್ ಬದಲಿಸದಿದ್ದರೆ ಸಂಡೂರಿನ ಬೀಗರು ಈ ಸಲ ಹಾರ ತಂದೇಬಿಡುತ್ತಾರೆ.